ಯೋನಿಶಬ್ದ ವಿಚಾರ

ಮದುವೆಯ ಮಾತಿಗೆಂದು ಎರಡು ಮನೆಯವರು ಕೂಡಿದಾಗ ಜೋಯಿಸರು ಪಂಚಾಂಗವನ್ನು ಬಿಡಿಸಿ ವಧೂವರರ ನಕ್ಷತ್ರಗಳನ್ನು ತಾಳೆ ನೋಡುವರು. ವರ್ಣ, ವಶ್ಯ, ತಾರಾ, ಯೋನಿ, ಗ್ರಹಮೈತ್ರಿ, ಗಣ, ರಾಶಿ, ನಾಡಿ ಎಂದು ಕೂಟಗಳು ಎಂಟು. ಅವುಗಳ ಗುಣ ಒಟ್ಟು 36. ಅದರಲ್ಲಿ ಯೋನಿಕೂಟದ ಪಾಲು 4. ಆನೆ, ಕುದುರೆ, ಹಾವು, ಬೆಕ್ಕು ಮೊದಲಾದ ಹದಿನಾಲ್ಕು ಪ್ರಾಣಿಗಳಿಗೆ ನಕ್ಷತ್ರಗಳನ್ನು ಹಂಚಿ, ಇಬ್ಬರಿಗೂ ಯೋನಿಮೈತ್ರಿಯುಂಟೋ ವೈರವುಂಟೋ ಎಂದು ಜೋಯಿಸರು ನಡುಮನೆಯಲ್ಲಿ ಗಟ್ಟಿಯಾಗಿ ಹೇಳುವರು. ಹಿರಿಯರು ಕೇಳುವರು, ಹೆಂಗಸರು ಕೇಳುವರು, ಮಕ್ಕಳೂ ಕೇಳುವರು. ಒಬ್ಬರಾದರೂ ತಲೆ ತಗ್ಗಿಸುವುದಿಲ್ಲ. ಅದೇ ಮನೆಯ ಹೆಣ್ಣುಮಗಳು ನಾಳೆ ವೈದ್ಯರೆದುರು ಕುಳಿತು ತನ್ನ ನೋವು ಎಲ್ಲಿಯೆಂದು ಹೇಳಬೇಕಾಗಿ ಬಂದರೆ ಈ ಶಬ್ದ ಅವಳ ನಾಲಗೆಗೆ ಬರುವುದಿಲ್ಲ. ‘ಕೆಳಗೆ’ ಎನ್ನುವಳು, ‘ಆ ಜಾಗದಲ್ಲಿ’ ಎನ್ನುವಳು, ಇಲ್ಲವೇ ಜೊತೆಗೆ ಬಂದ ತಾಯಿಯ ಮುಖವನ್ನು ನೋಡುವಳು.

ಒಂದೇ ಶಬ್ದವು ನಡುಮನೆಯಲ್ಲಿ ಮಡಿಯಾಗಿಯೂ ವೈದ್ಯಶಾಲೆಯಲ್ಲಿ ಮೈಲಿಗೆಯಾಗಿಯೂ ಇರುವುದು ಹೇಗೆ? ದೋಷವು ಶಬ್ದದಲ್ಲಿದೆಯೋ, ಅದು ಹೇಳುವ ವಸ್ತುವಿನಲ್ಲಿದೆಯೋ, ಅಥವಾ ಆಡುವವರಾದ ನಮ್ಮಲ್ಲಿದೆಯೋ? ಶಬ್ದಗಳ ಹುಟ್ಟನ್ನೂ ನಡೆಯನ್ನೂ ಪರೀಕ್ಷಿಸುವುದು ಸಾಹಿತ್ಯವಿಮರ್ಶೆಯ ಒಂದು ಅಂಗವಾಗಿರುವುದರಿಂದ ಈ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದೆ. ವಿಷಯವು ಸೂಕ್ಷ್ಮವಾದುದು; ಆದರೆ ಸೂಕ್ಷ್ಮವಾದುದೆಂಬ ಕಾರಣದಿಂದಲೇ ವಿಚಾರಕ್ಕೆ ಯೋಗ್ಯವಾದುದು.

ಮೊದಲು ಶಬ್ದದ ಮೂಲವನ್ನು ನೋಡೋಣ. ‘ಯೋನಿ’ ಎಂಬುದಕ್ಕೆ ಧಾತು ‘ಯು’ ಎಂದು ಹೇಳುವುದುಂಟು. ಕೂಡಿಸು, ಹಿಡಿದಿಡು, ಒಳಗೊಳ್ಳು ಎಂಬುದು ಅದರ ಭಾವ. ವೇದದ ಶಬ್ದಗಳನ್ನು ಗುಂಪುಗುಂಪಾಗಿ ಪಟ್ಟಿಮಾಡಿದ ಪ್ರಾಚೀನ ನಿಘಂಟುವಿನಲ್ಲಿ ‘ಗೃಹನಾಮ’ಗಳು, ಎಂದರೆ ಮನೆಯ ಹೆಸರುಗಳು, ಎಂಬ ಒಂದು ಗುಂಪಿದೆ. ಹರ್ಮ್ಯ, ನೀಡ, ಸದ್ಮ, ಶರಣ ಮುಂತಾದ ಮಾತುಗಳ ನಡುವೆ ಅಲ್ಲಿ ‘ಯೋನಿ’ಯೂ ಸೇರಿದೆ. ನೀಡವೆಂದರೆ ಗೂಡು, ಶರಣವೆಂದರೆ ಆಶ್ರಯ. ಇವುಗಳ ಸಾಲಿನಲ್ಲಿ ಕುಳಿತ ಶಬ್ದಕ್ಕೆ ಆ ಕಾಲದಲ್ಲಿ ಎಂತಹ ಗೌರವವಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ನಿಘಂಟುವಿಗೆ ವ್ಯಾಖ್ಯಾನರೂಪವಾದ ನಿರುಕ್ತದಲ್ಲಿ ಯಾಸ್ಕನು ಯೋನಿಯೆಂದರೆ ಅಂತರಿಕ್ಷವೆಂದೂ ಅರ್ಥಮಾಡಿರುವನು. ಅಂತರಿಕ್ಷವು ಗಾಳಿಯಿಂದ ಸುತ್ತುವರಿದುದು; ದೇಹದ ಯೋನಿಗೂ ಸುತ್ತುವರಿದಿರುವುದರಿಂದಲೇ ಆ ಹೆಸರು ಬಂದಿತೆಂಬುದು ಅವನ ಮತ. ಆಕಾಶವನ್ನೂ ತಾಯಿಯ ಒಡಲನ್ನೂ ಒಂದೇ ಶಬ್ದದಲ್ಲಿ ಹಿಡಿದು, ಅವೆರಡಕ್ಕೂ ಒಂದೇ ಕಾರಣವನ್ನು ಹೇಳಿದ ಪಂಡಿತನು ನಾಚಿದುದಾಗಿ ಕಾಣುವುದಿಲ್ಲ.

ಋಗ್ವೇದದಲ್ಲಿ ಅಗ್ನಿಯು ಕುಳಿತುಕೊಳ್ಳುವ ಎಡೆ ಅವನ ಯೋನಿ. ಋತದ, ಎಂದರೆ ಜಗತ್ತಿನ ಸತ್ಯನಿಯಮದ, ನೆಲೆಯೂ ಯೋನಿ. ಮೂರನೆಯ ಮಂಡಲದ 53ನೆಯ ಸೂಕ್ತದಲ್ಲಿ ಯಜ್ಞವನ್ನು ಮುಗಿಸಿದ ಇಂದ್ರನನ್ನು ಮನೆಗೆ ಹೋಗೆಂದು ಬೀಳ್ಕೊಡುವಾಗ, ಹೆಂಡತಿಯೇ ಮನೆ, ಅವಳೇ ಯೋನಿ ಎಂಬ ಅರ್ಥದ ಮಾತು ಬರುವುದು. ದಣಿದು ಹಿಂತಿರುಗುವವನಿಗೆ ತಂಗುದಾಣ ಎಂಬುದು ಅಲ್ಲಿಯ ಭಾವ. ಇನ್ನೊಂದು ಸಂಗತಿಯು ವ್ಯಾಕರಣದ ಕಡೆಯದು. ಹೆಣ್ಣಿನ ಅವಯವದ ಹೆಸರೆಂದು ಈಗ ನಾವು ತಿಳಿದಿರುವ ಈ ಶಬ್ದವು ವೇದದಲ್ಲಿ ಸಾಮಾನ್ಯವಾಗಿ ಪುಲ್ಲಿಂಗ. ಅಮರಸಿಂಹನು ತನ್ನ ಕೋಶದ ಮನುಷ್ಯವರ್ಗದಲ್ಲಿ, ಕೈ ಕಾಲು ಹೊಟ್ಟೆ ಬೆನ್ನುಗಳ ಸಾಲಿನಲ್ಲಿಯೇ, ಇದನ್ನು ಹೇಳಿ, ಎರಡು ಲಿಂಗಗಳಲ್ಲಿಯೂ ಇದು ನಡೆಯುವುದೆಂದು ಸೂಚಿಸಿದನು. ಒಂದಾನೊಂದು ಕಾಲದಲ್ಲಿ ಅಮರವನ್ನು ಬಾಯಿಪಾಠ ಮಾಡುತ್ತಿದ್ದ ಬಾಲಕರು ಗುರುಗಳ ಮುಂದೆ ಇದನ್ನೂ ಒಪ್ಪಿಸುತ್ತಿದ್ದರಷ್ಟೆ.

ಶಾಸ್ತ್ರಗಳಿಗೆ ಬಂದರೆ ಈ ಶಬ್ದದ ಸಂಚಾರ ಇನ್ನೂ ವಿಸ್ತಾರವಾದುದು. ಸಾಮಗಾನದಲ್ಲಿ ಯಾವ ಋಕ್ಕಿನ ಮೇಲೆ ಗಾನವು ನಿಲ್ಲುವುದೋ ಆ ಋಕ್ಕು ಆ ಸಾಮಕ್ಕೆ ಯೋನಿ. ಬ್ರಹ್ಮಸೂತ್ರಗಳಲ್ಲಿ ಮೂರನೆಯದು ಶಾಸ್ತ್ರಕ್ಕೂ ಬ್ರಹ್ಮಕ್ಕೂ ಇರುವ ಸಂಬಂಧವನ್ನು ಹೇಳುವುದು ಈ ಶಬ್ದದಿಂದಲೇ; ಭಾಷ್ಯಕಾರರು ಅದಕ್ಕೆ ಕಾರಣವೆಂದೂ ಪ್ರಮಾಣವೆಂದೂ ಅರ್ಥಮಾಡಿ ಚರ್ಚಿಸಿರುವರು. ಹೋಮಕುಂಡಕ್ಕೆ ಯೋನಿಯುಂಟು, ವಾಸ್ತುಶಾಸ್ತ್ರದ ಆಯಾದಿ ಲೆಕ್ಕದಲ್ಲಿ ಧ್ವಜ ಮೊದಲಾದ ಎಂಟು ಯೋನಿಗಳುಂಟು, ಜೀವನು ಎಂಬತ್ತನಾಲ್ಕು ಲಕ್ಷ ಯೋನಿಗಳನ್ನು ತಿರುಗಿ ಬರುವನೆಂಬ ಮಾತು ಓದುಬಾರದವರ ಬಾಯಲ್ಲಿಯೂ ಉಂಟು. ಈ ಎಲ್ಲ ಪ್ರಯೋಗಗಳಲ್ಲಿಯೂ ಒಂದು ತಿರುಳು ಸಮಾನವಾಗಿರುವುದು: ಯಾವುದು ಎಲ್ಲಿಂದ ಬರುವುದೋ, ಎಲ್ಲಿ ನೆಲಸಿರುವುದೋ, ಆ ಎಡೆ. ಹಾಗಾದರೆ ಈ ಹೆಸರನ್ನು ಯಾರ ದೃಷ್ಟಿಯಿಂದ ಇಟ್ಟಿತು? ಒಳಗೆ ವಾಸಮಾಡಿ ಹೊರಗೆ ಬಂದವನ ದೃಷ್ಟಿಯಿಂದ. ಇದು ಮಗುವು ತಾಯಿಯ ಅಂಗಕ್ಕೆ ಇಟ್ಟ ಹೆಸರು ಎಂದರೆ ತಪ್ಪಾಗಲಾರದು.

ಈ ಶಬ್ದದ ಸಮೀಪಬಂಧುವಾದ ‘ಭಗ’ವನ್ನೂ ಇಲ್ಲಿ ನೋಡಬೇಕು. ಅದರ ಧಾತು ‘ಭಜ್’, ಹಂಚು ಎಂದು ಅರ್ಥ. ಭಗನೆಂಬುವನು ವೇದದಲ್ಲಿ ಪಾಲನ್ನು ಹಂಚುವ ದೇವತೆ. ಅವನ ಹೆಸರಿಗೆ ಸಮಾನವಾದ ಮಾತು ಪ್ರಾಚೀನ ಪಾರಸಿಕದಲ್ಲಿಯೂ ರಷ್ಯಾ ಮೊದಲಾದ ಸ್ಲಾವ್ ದೇಶಗಳ ಭಾಷೆಗಳಲ್ಲಿಯೂ ದೇವರೆಂಬ ಅರ್ಥದಲ್ಲಿಯೇ ದೊರೆಯುವುದು. ನಮ್ಮ ಭಾಗ್ಯ, ಸೌಭಾಗ್ಯ, ಭಗವಂತ, ಭಗವತಿ ಎಲ್ಲವೂ ಆ ಬೇರಿನ ಕುಡಿಗಳು. ಅದೇ ‘ಭಗ’ವು ಹೆಣ್ಣಿನ ಅಂಗಕ್ಕೂ ಹೆಸರು. ಒಂದು ಹೆಸರು ನೆಲೆಯನ್ನು ಹೇಳಿತು. ಇನ್ನೊಂದು ಭಾಗ್ಯವನ್ನು ಹೇಳಿತು. ಹೆಸರಿಟ್ಟವರ ಮನಸ್ಸು ಹೀಗಿದ್ದಿತು.

ನಮ್ಮ ವೈದ್ಯರು ಈ ಶಬ್ದವನ್ನು ಬಳಸಿದ ರೀತಿಯೂ ಗಮನಾರ್ಹವಾದುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂವತ್ತನೆಯ ಅಧ್ಯಾಯದ ಹೆಸರೇ ಯೋನಿವ್ಯಾಪತ್ತಿನ ಚಿಕಿತ್ಸೆ. ವ್ಯಾಪತ್ತುಗಳು ಇಪ್ಪತ್ತೆಂದು ಎಣಿಸಿ, ಒಂದೊಂದರ ಲಕ್ಷಣವನ್ನೂ ಔಷಧವನ್ನೂ ಅಲ್ಲಿ ಹೇಳಿದೆ. ಸುಶ್ರುತಸಂಹಿತೆಯ ಉತ್ತರತಂತ್ರದ ಮೂವತ್ತೆಂಟನೆಯ ಅಧ್ಯಾಯವೂ ಅದೇ ವಿಷಯವನ್ನು ಅದೇ ಹೆಸರಿನಲ್ಲಿ ಹೇಳುವುದು. ಅದೇ ಗ್ರಂಥದ ಶಾರೀರಸ್ಥಾನದಲ್ಲಿ ಯೋನಿಯು ಶಂಖದ ನಾಭಿಯಂತೆ ಮೂರು ಸುತ್ತುಗಳುಳ್ಳದ್ದು, ಮೂರನೆಯ ಸುತ್ತಿನಲ್ಲಿ ಗರ್ಭಶಯ್ಯೆಯಿದೆ ಎಂಬ ವರ್ಣನೆಯಿರುವುದು. ಇದರಿಂದ ಅವರ ಪರಿಭಾಷೆಯಲ್ಲಿ ಯೋನಿಯೆಂಬುದು ಹೊರಗಿನ ದ್ವಾರದಿಂದ ಹಿಡಿದು ಒಳಗಿನ ಶಯ್ಯೆಯವರೆಗಿನ ಇಡೀ ದಾರಿ ಎಂದು ತಿಳಿಯುವುದು. ಈಗಿನ ಶಾರೀರಶಾಸ್ತ್ರದಲ್ಲಿ ಈ ಹೆಸರು ಆ ದಾರಿಯ ಒಂದು ಭಾಗಕ್ಕೆ ಮಾತ್ರ ನಿಂತಿದೆ.

ತರುವಾಯ ಬಂದ ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಈ ವಿಷಯವಿರುವ ಎರಡು ಅಧ್ಯಾಯಗಳಿಗೆ ‘ಗುಹ್ಯರೋಗ’ ಎಂಬ ಶಬ್ದವನ್ನು ಸೇರಿಸಿ ಹೆಸರಿಟ್ಟನು. ಒಳಗೆ ಯೋನಿಯ ಇಪ್ಪತ್ತು ವ್ಯಾಪತ್ತುಗಳನ್ನು ಆ ಹೆಸರಿನಿಂದಲೇ ಹೇಳಿದ್ದರೂ ತಲೆಬರಹಕ್ಕೆ ಮಾತ್ರ ‘ಗುಹ್ಯ’ ಬಂದಿತು. ಅಲ್ಲಿ ಗಂಡಸಿನ ಅಂಗದ ರೋಗಗಳನ್ನೂ ಸೇರಿಸಿಕೊಂಡುದರಿಂದ ಇಬ್ಬರಿಗೂ ಹೊಂದುವ ಮಾತು ಅವನಿಗೆ ಬೇಕಾಗಿದ್ದಿತು. ಆದರೂ ನೆಲೆ ಎಂಬ ಹೆಸರಿನಿಂದ ಮರೆ ಎಂಬ ಹೆಸರಿಗೆ ಬಂದುದು ಒಂದು ಹೆಜ್ಜೆಯೇ ಸರಿ. ಇಲ್ಲಿ ಒಂದು ವಿವೇಕ ಅವಶ್ಯಕ. ಗುಹ್ಯವೆಂದರೆ ಕಾಪಾಡಿ ಇಡತಕ್ಕದ್ದು, ನಾಚಿಕೆಗೇಡಾದದ್ದಲ್ಲ. ಗೀತೆಯ ಒಂಬತ್ತನೆಯ ಅಧ್ಯಾಯದ ಹೆಸರು ರಾಜವಿದ್ಯಾ ರಾಜಗುಹ್ಯ ಯೋಗ. ಪೆಟ್ಟಿಗೆಯೊಳಗಿನ ಒಡವೆಯೂ ಗುಹ್ಯವೇ. ಮರೆಯಲ್ಲಿಡುವುದಕ್ಕೂ ಹೆಸರೆತ್ತಲು ಹೇಸುವುದಕ್ಕೂ ಬಹಳ ಅಂತರವುಂಟು. ಈ ಅಂತರವನ್ನು ಮರೆತುದೇ ನಮಗೆ ಒದಗಿದ ಹಾನಿ.

ಇನ್ನು ಯುರೋಪಿನ ಕಡೆ ತಿರುಗೋಣ. ಏಕೆಂದರೆ ಈಗಿನ ವೈದ್ಯವಿದ್ಯೆಯ ಪರಿಭಾಷೆ ಅಲ್ಲಿಂದ ಬಂದುದು. ಇಂಗ್ಲಿಷಿನಲ್ಲಿ ಈ ಅಂಗಕ್ಕೆ ‘ವಜೈನ’ ಎಂಬ ಹೆಸರು. ಅದು ಲ್ಯಾಟಿನ್ ಶಬ್ದ. ಕತ್ತಿಯ ಒರೆ ಎಂದು ಅದರ ಸಹಜಾರ್ಥ. 17ನೆಯ ಶತಮಾನದಲ್ಲಿ ಅಲ್ಲಿಯ ಶಾರೀರಜ್ಞರ ಗ್ರಂಥಗಳಲ್ಲಿ ಅದು ಅಂಗದ ಹೆಸರಾಗಿ ನೆಲೆಗೊಂಡಿತು. ಒರೆಯೆಂದಮೇಲೆ ಕತ್ತಿ ಯಾವುದೆಂದು ಹೇಳಬೇಕಾಗಿಲ್ಲ; ಇದು ಪುರುಷನು ತನ್ನನ್ನು ನಡುವೆ ನಿಲ್ಲಿಸಿಕೊಂಡು ಇಟ್ಟ ಹೆಸರು. ನಮ್ಮಲ್ಲಿಯೂ ‘ಕೋಶ’ ಎಂಬ ಶಬ್ದಕ್ಕೆ ಕತ್ತಿಯ ಒರೆ ಎಂಬ ಅರ್ಥವಿದೆ. ಅದೇ ಶಬ್ದವನ್ನು ನಾವು ‘ಗರ್ಭಕೋಶ’ ಎಂದು ಬಳಸಿದೆವು. ಒರೆಯ ಉಪಮೆ ಒಂದೇ. ಆದರೆ ಅಲ್ಲಿ ಒಳಗಿರುವುದು ಕತ್ತಿ, ಇಲ್ಲಿ ಒಳಗಿರುವುದು ಶಿಶು. ಅದೇ ಲ್ಯಾಟಿನ್ ಶಬ್ದವು ಸ್ಪ್ಯಾನಿಷಿನಲ್ಲಿ ಕಾಯಿಯ ಸಿಪ್ಪೆಗೆ ಹೆಸರಾಗಿ, ಚಿಕ್ಕ ಕೋಡು ಎಂಬ ಅರ್ಥದಲ್ಲಿ ‘ವೆನಿಲಾ’ ಎಂಬ ರೂಪವನ್ನು ತಾಳಿತು. ನಮ್ಮ ಮಲೆನಾಡಿನ ತೋಟಗಳಲ್ಲಿ ಬೆಳೆಯುವ, ಐಸ್‌ಕ್ರೀಮಿಗೆ ಪರಿಮಳ ಕೊಡುವ ಆ ವೆನಿಲಾದ ಹೆಸರನ್ನು ಹೇಳಲು ಯಾವ ಮಗುವೂ ಹಿಂಜರಿಯುವುದಿಲ್ಲ.

ಒರೆಯೆಂಬುದು ಉಪಮೆ ಮಾತ್ರವಾಯಿತು. ಇದಕ್ಕಿಂತ ಕಠೋರವಾದ ಇನ್ನೊಂದು ಹೆಸರುಂಟು. ಹೊರಗಿನ ಅಂಗಭಾಗಕ್ಕೆ ಲ್ಯಾಟಿನಿನಲ್ಲಿ ‘ಪುಡೆಂಡಮ್’ ಎಂದು ಹೇಳುವರು. ‘ಪುದೆರೆ’ ಎಂದರೆ ನಾಚು. ಪುಡೆಂಡಮ್ ಎಂದರೆ ನಾಚಿಕೊಳ್ಳತಕ್ಕದ್ದು. ಮೊದಲಿಗೆ ಇದು ಸ್ತ್ರೀಪುರುಷರಿಬ್ಬರ ಅಂಗಗಳಿಗೂ ಅನ್ವಯಿಸುತ್ತಿದ್ದ ಮಾತು. ಕ್ರೈಸ್ತ ಆಚಾರ್ಯನಾದ ಆಗಸ್ಟಿನನು ‘ದೇವನಗರ’ವೆಂಬ ಗ್ರಂಥದ ಹದಿನಾಲ್ಕನೆಯ ಭಾಗದಲ್ಲಿ, ಆದಿದಂಪತಿಗಳು ಪಾಪಮಾಡಿದ ಮೇಲೆ ಈ ಅಂಗಗಳಿಗೆ ನಾಚಿಕೆಯು ಅಂಟಿತೆಂದು ವಿವರಿಸಿದನು. ಕಾಲಕ್ರಮದಲ್ಲಿ ಗಂಡಸಿನ ಅಂಗವು ಆ ಹೆಸರಿನಿಂದ ಕಳಚಿಕೊಂಡಿತು. ಹೆಣ್ಣಿಗೆ ಮಾತ್ರ ಅದು ಉಳಿಯಿತು. ಶಾರೀರಜ್ಞರ ಅಂತರರಾಷ್ಟ್ರೀಯ ಪರಿಭಾಷಾಕೋಶದ 1998ರ ಆವೃತ್ತಿಯಲ್ಲಿಯೂ ‘ಸ್ತ್ರೀಯ ಪುಡೆಂಡಮ್’ ಎಂಬ ಹೆಸರಿದ್ದಿತು; ಪುರುಷನಿಗೆ ಸಮಾನವಾದ ಹೆಸರಿರಲಿಲ್ಲ. 2019ರ ಎರಡನೆಯ ಆವೃತ್ತಿಯಲ್ಲಿ ಅದನ್ನು ಬಿಟ್ಟು, ‘ವಲ್ವ’ ಎಂಬ ಹೆಸರನ್ನು ಉಳಿಸಿದರು. ಆದರೂ ಆ ಪ್ರದೇಶದ ಒಂದು ನರಕ್ಕೆ, ಅದು ಸ್ತ್ರೀಪುರುಷರಿಬ್ಬರಲ್ಲಿಯೂ ಇರುವುದಾದರೂ, ‘ನಾಚುವ ನರ’ ಎಂಬ ಹೆಸರು ಇನ್ನೂ ನಿಂತಿದೆ. ಮನುಷ್ಯನ ಮೈಯಲ್ಲಿ ಕಣ್ಣು ಕಿವಿ ಎಲುಬುಗಳಿಗೆಲ್ಲ ಆಕಾರದಿಂದಲೋ ಕಾರ್ಯದಿಂದಲೋ ಹೆಸರಿಟ್ಟ ವಿಜ್ಞಾನವು ಈ ಒಂದು ಎಡೆಯಲ್ಲಿ ಧರ್ಮೋಪದೇಶ ಮಾಡಲು ತೊಡಗಿದುದು ವಿಚಿತ್ರ.

ಈ ನಾಚಿಕೆಯ ಹೆಸರು ನಮ್ಮ ಶಬ್ದಗಳ ಮೇಲೆಯೂ ಬಿದ್ದಿತು. ಮೋನಿಯರ್ ವಿಲಿಯಮ್ಸರ ಸಂಸ್ಕೃತ–ಇಂಗ್ಲಿಷ್ ಕೋಶದ 1899ರ ಆವೃತ್ತಿಯಲ್ಲಿ ‘ಭಗ’ ಶಬ್ದಕ್ಕೆ ಐಶ್ವರ್ಯ, ಭಾಗ್ಯ ಮೊದಲಾದ ಅರ್ಥಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು, ಅಂಗವೆಂಬ ಅರ್ಥ ಬಂದಲ್ಲಿ ಲ್ಯಾಟಿನಿನ ಪುಡೆಂಡಮ್ ಶಬ್ದವನ್ನೂ ಸೇರಿಸಿರುವರು. ಆ ಮಹಾಪಂಡಿತರ ಪರಿಶ್ರಮಕ್ಕೆ ನಾವು ಋಣಿಗಳು. ಅವರ ಕಾಲದ ಸಭ್ಯತೆ ಹಾಗಿದ್ದಿತು. ಆದರೆ ಫಲವೇನಾಯಿತು? ಭಾಗ್ಯವೆಂದು ಕರೆದುದು ಭಾಷಾಂತರದಲ್ಲಿ ನಾಚಿಕೆಯಾಯಿತು. ಒಂದು ಶಬ್ದಕ್ಕೆ ಅರ್ಥ ಬರೆಯುವ ನೆವದಲ್ಲಿ ಒಂದು ಸಂಸ್ಕಾರದ ಮೇಲೆ ಇನ್ನೊಂದರ ಮುಸುಕು ಬಿದ್ದಿತು.

ಹೀಗೆಂದು ದೋಷವನ್ನೆಲ್ಲ ಹೊರಗಿನವರ ಮೇಲೆ ಹೊರಿಸುವುದು ನ್ಯಾಯವಲ್ಲ. ನಮ್ಮ ಕನ್ನಡದ ರೂಢಿಯನ್ನೇ ನೋಡೋಣ. ‘ಮಾನ ಮುಚ್ಚಿಕೊಳ್ಳುವಷ್ಟು ಬಟ್ಟೆ’ ಎನ್ನುತ್ತೇವೆ. ಇಲ್ಲಿ ಮಾನವೆಂದರೇನು? ಅಳತೆ ಎಂಬ ಅರ್ಥದಿಂದಲ್ಲ, ಗೌರವ ಎಂಬ ಅರ್ಥದಿಂದಲೂ ನೇರವಾಗಿ ಅಲ್ಲ. ಮೈಯ ಆ ಭಾಗವೇ ಇಲ್ಲಿ ಮಾನ. ಕುಟುಂಬದ ಗೌರವವನ್ನು ಹೆಣ್ಣಿನ ಅಂಗದಲ್ಲಿ ತಂದಿಟ್ಟು, ಕಡೆಗೆ ಅಂಗಕ್ಕೇ ಗೌರವದ ಹೆಸರನ್ನು ಕೊಟ್ಟೆವು. ಲ್ಯಾಟಿನ್ ಶಬ್ದವು ನಾಚಿಕೆ ಎಂದಿತು. ನಮ್ಮ ಶಬ್ದವು ಮಾನ ಎಂದಿತು. ಮೇಲುನೋಟಕ್ಕೆ ನಮ್ಮದು ಮರ್ಯಾದೆಯ ಮಾತು. ಪರಿಣಾಮದಲ್ಲಿ ಎರಡೂ ಒಂದೇ. ಏಕೆಂದರೆ ದುರುಳನೊಬ್ಬನು ಹೆಣ್ಣಿನ ಮೇಲೆ ಬಲಾತ್ಕಾರ ನಡೆಸಿದರೆ ಅದಕ್ಕೆ ನಾವು ಕೊಟ್ಟ ಹೆಸರು ‘ಮಾನಭಂಗ’. ಅಪರಾಧ ಮಾಡಿದವನು ಅವನು. ಮಾನ ಮುರಿದುದು ಅವಳದು. ಈ ಒಂದು ಸಮಾಸಪದವು ಎಷ್ಟು ಹೆಣ್ಣುಗಳ ಬಾಯನ್ನು ಕಟ್ಟಿರಬಹುದೆಂಬುದನ್ನು ವಾಚಕರು ಆಲೋಚಿಸಬೇಕು. ಗಾಯವಾಯಿತೆಂದು ದೂರುವವಳನ್ನು ‘ನೀನು ಮಾನ ಕಳೆದುಕೊಂಡೆ’ ಎಂದು ಭಾಷೆಯೇ ಮೊದಲು ಗದರಿಸುವುದು.

ಕಾನೂನಿನ ಭಾಷೆಯೂ ಇದೇ ದಾರಿಯಲ್ಲಿ ನಡೆದು ಬಂದಿತು. 1860ರ ಭಾರತ ದಂಡಸಂಹಿತೆಯ 354ನೆಯ ಕಲಮು ಹೆಂಗಸಿನ ಲಜ್ಜೆಗೆ ಭಂಗತರುವ ಅಪರಾಧವನ್ನು ಹೇಳಿತು. ಆ ಸಂಹಿತೆಯ ಸ್ಥಾನದಲ್ಲಿ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ 74ನೆಯ ಕಲಮಿನಲ್ಲಿಯೂ ಆ ಮಾತು ಉಳಿದಿದೆ. ಆದರೆ ಬಲಾತ್ಕಾರದ ಲಕ್ಷಣದಲ್ಲಿ 2013ರ ತಿದ್ದುಪಡಿಯು ಅಂಗಗಳನ್ನು ಅವುಗಳ ಹೆಸರಿನಿಂದಲೇ ಹೇಳಿತು. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಆದ ಪೋಕ್ಸೋ ಕಾಯಿದೆಯಲ್ಲಿಯೂ ಹಾಗೆಯೇ. ಶಾಸನಕರ್ತರಿಗೆ ಹೆಸರು ಏಕೆ ಬೇಕಾಯಿತು? ಏನು ನಡೆಯಿತೆಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ಹೇಳಬೇಕಾದರೆ ಹೆಸರು ಬೇಕು. ನ್ಯಾಯಾಧಿಪತಿಯ ಮುಂದೆ ನಿಂತ ಆರೇಳು ವರ್ಷದ ಹುಡುಗಿಗೆ ತನ್ನ ಮೈಯ ಆ ಭಾಗಕ್ಕೆ ಮನೆಯಲ್ಲಿ ಯಾರೂ ಹೆಸರನ್ನು ಕಲಿಸಿಲ್ಲದಿದ್ದರೆ ಅವಳು ಏನೆಂದು ಹೇಳಬೇಕು? ಹೆಸರಿಲ್ಲದ ವಸ್ತುವಿನ ಮೇಲೆ ನಡೆದ ಅನ್ಯಾಯವು ನಡೆಯದಂತೆಯೇ ಆಗುವುದು.

ಇಲ್ಲಿ ನಮ್ಮ ಆಲಂಕಾರಿಕರ ಅಭಿಪ್ರಾಯವನ್ನು ಕೇಳುವುದು ಉಚಿತ. ಅಶ್ಲೀಲವೆಂದರೇನೆಂದು ಬಹುಕಾಲ ಚಿಂತಿಸಿದವರು ಅವರು. ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ಅಶ್ಲೀಲದೋಷವನ್ನು ಮೂರು ವಿಧವಾಗಿ ಹೇಳಿರುವನು: ಲಜ್ಜೆಯನ್ನು ಹುಟ್ಟಿಸುವುದು, ಜುಗುಪ್ಸೆಯನ್ನು ಹುಟ್ಟಿಸುವುದು, ಅಮಂಗಳವನ್ನು ಸೂಚಿಸುವುದು. ಮೂರರಲ್ಲಿಯೂ ದೋಷವು ಕೇಳುವವನ ಮನಸ್ಸಿನಲ್ಲಿ ಏಳುವ ಭಾವಕ್ಕೆ ಸೇರಿದುದು, ಅಕ್ಷರಗಳಿಗಲ್ಲ. ಅವನಿಗಿಂತ ಹಿಂದಿನವನಾದ ದಂಡಿಯು, ನಮ್ಮ ಕವಿರಾಜಮಾರ್ಗಕ್ಕೆ ಆಧಾರವಾದ ಕಾವ್ಯಾದರ್ಶದಲ್ಲಿ, ಗ್ರಾಮ್ಯತೆಯನ್ನು ನಿಂದಿಸುತ್ತಲೇ, ಭಗಿನಿ ಭಗವತಿ ಮೊದಲಾದ ಶಬ್ದಗಳು ಎಲ್ಲೆಡೆಯೂ ಅಂಗೀಕೃತವೆಂದು ಒಪ್ಪಿಕೊಂಡನು. ಸೋದರಿಯನ್ನು ಹೇಳುವ ಮಾತಿನಲ್ಲಿಯೂ ದೇವಿಯನ್ನು ಹೇಳುವ ಮಾತಿನಲ್ಲಿಯೂ ‘ಭಗ’ವಿದೆ, ಆದರೂ ಲೋಕವು ಅವುಗಳನ್ನು ಶುದ್ಧವಾಗಿ ಬಳಸಿದುದರಿಂದ ಅವು ಶುದ್ಧ. ಇದರಿಂದ ಸಿದ್ಧವಾಗುವ ತತ್ತ್ವವಿಷ್ಟೇ: ಶಬ್ದವನ್ನು ಶ್ಲೀಲವನ್ನಾಗಿಯೋ ಅಶ್ಲೀಲವನ್ನಾಗಿಯೋ ಮಾಡುವುದು ಬಳಕೆ. ಒಳ್ಳೆಯವರು ಬಿಟ್ಟುಕೊಟ್ಟ ಶಬ್ದವನ್ನು ಕೆಟ್ಟವರು ಎತ್ತಿಕೊಳ್ಳುವರು.

ಕನ್ನಡದಲ್ಲಿ ಆದುದು ಹೀಗೆಯೇ. ನಮ್ಮ ಅಚ್ಚಗನ್ನಡದಲ್ಲಿ ಈ ಅಂಗಕ್ಕೆ ಹೆಸರುಗಳಿಲ್ಲದೆ ಇಲ್ಲ. ಆದರೆ ಅವು ಇಂದು ಬೈಗುಳದಲ್ಲಿ ಮಾತ್ರ ಬದುಕಿವೆ. ಜಗಳಗಂಟರ ಬಾಯಲ್ಲಿ, ಬೀದಿಯ ಗೋಡೆಗಳ ಮೇಲೆ ಅವುಗಳ ವಾಸ. ಅವುಗಳನ್ನು ಇಲ್ಲಿ ಅಚ್ಚುಮಾಡುವುದಕ್ಕಾಗುವುದಿಲ್ಲವೆಂಬುದೇ ಅವುಗಳ ಗತಿಗೆ ಸಾಕ್ಷಿ. ಸಂಸ್ಕೃತದ ಹೆಸರು ಶಾಸ್ತ್ರದ ಎತ್ತರದಲ್ಲಿ ನಿಂತಿತು. ದೇಶಿಯ ಹೆಸರು ಚರಂಡಿಗೆ ಇಳಿಯಿತು. ನಡುವೆ ಮನೆಯ ಭಾಷೆಯಲ್ಲಿ ಉಳಿದುದು ಶೂನ್ಯ. ಹುಡುಗನು ಈ ಅಂಗದ ಹೆಸರನ್ನು ಮೊತ್ತಮೊದಲು ಕೇಳುವುದು ಬೈಗುಳವಾಗಿ. ತಾಯಿಯಿಂದ ಕಲಿಯಬೇಕಾದ ಶಬ್ದವನ್ನು ತಾಯಿಯನ್ನು ಬೈಯುವ ಮಾತಿನಲ್ಲಿ ಕಲಿಯುವ ದುರ್ಗತಿ ನಮ್ಮ ಮಕ್ಕಳಿಗೆ ಒದಗಿದೆ.

ಶಬ್ದಗಳು ಕೆಳಗಿಳಿಯುವಂತೆ ಮೇಲೇರುವುದೂ ಉಂಟು, ಸ್ಥಾನ ಬದಲಿಸುವುದೂ ಉಂಟು. ‘ಬಸಿರು’ ಎಂಬ ನಮ್ಮ ಮಾತು ಹಳಗನ್ನಡದಲ್ಲಿ ‘ಬಸಿಱ್’. ತಮಿಳಿನ ‘ವಯಿಱು’ ಎಂಬುದರ ಬಂಧು. ಹೊಟ್ಟೆ ಎಂಬುದೇ ಅದರ ಮೊದಲಿನ ಅರ್ಥ. ಗಂಡಸಿಗೂ ಬಸಿಱಿದ್ದಿತು, ತಮಿಳಿನಲ್ಲಿ ಈಗಲೂ ಎಲ್ಲರಿಗೂ ವಯಿಱುಂಟು. ಕನ್ನಡದಲ್ಲಿ ‘ಹೊಟ್ಟೆ’ ಎಂಬ ಮಾತು ಆ ಎಡೆಯನ್ನು ಹಿಡಿದ ಮೇಲೆ ಬಸಿರು ಹೆಣ್ಣಿಗೇ ಸೇರಿ, ಅಂಗವನ್ನು ಬಿಟ್ಟು ಗರ್ಭಧಾರಣೆಯ ಸ್ಥಿತಿಗೆ ಹೆಸರಾಯಿತು. ‘ಬಸುರಿ’ ಎಂದು ಹೇಳಲು ಯಾರೂ ನಾಚುವುದಿಲ್ಲ. ಸೀಮಂತದ ಮನೆಯಲ್ಲಿ ಅದು ಹಿಗ್ಗಿನ ಮಾತು. ಇನ್ನೊಂದು ನಿದರ್ಶನ ‘ಗರ್ಭಕೋಶ’. ಇದು ಪಂಡಿತರು ಕಟ್ಟಿದ ಸಂಸ್ಕೃತದ ಸಮಾಸ. ಆದರೂ ಇಂದು ಹಳ್ಳಿಯ ಮುದುಕಿಯೂ ‘ಗರ್ಭಕೋಶ ತೆಗೆಸಿದರು’, ‘ಗರ್ಭಕೋಶ ಜಾರಿದೆ’ ಎಂದು ಕಟ್ಟೆಯ ಮೇಲೆ ಕುಳಿತು ಹೇಳುವಳು. ಆಸ್ಪತ್ರೆಯ ಬಳಕೆಯಿಂದ ಬಂದ ಈ ಶಬ್ದವನ್ನು ಜನರು ಕಲಿತರು. ಆಕಾಶವೇನೂ ಕಳಚಿ ಬೀಳಲಿಲ್ಲ. ಒಳಗಿನ ಕೋಶಕ್ಕೆ ದೊರೆತ ಮರ್ಯಾದೆ ಅದರ ಬಾಗಿಲಿಗೆ ಏಕೆ ದೊರೆಯಬಾರದು?

ಇದಕ್ಕೆ ಆಕ್ಷೇಪಗಳುಂಟು. ಸಂಕೋಚವು ಸಂಸ್ಕೃತಿಯ ಲಕ್ಷಣ. ಎಲ್ಲವನ್ನೂ ಬಿಚ್ಚಿ ಆಡುವುದು ನಾಗರಿಕತೆಯಲ್ಲ. ಮೃದುವಾದ ಸೂಚನೆಯಿಂದ ಕೆಲಸ ನಡೆಯುತ್ತಿರುವಾಗ ಕಠಿನವಾದ ಹೆಸರೇಕೆ ಎಂದು ಹಿರಿಯರು ಕೇಳಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಸೂಚನೆಯು ಭಾಷೆಯ ಸೌಂದರ್ಯ. ‘ಹೊರಗಾದಳು’ ಎಂದರೂ ‘ಬಿಳಿ ಸೆರಗು’ ಎಂದರೂ ಅರ್ಥವು ತಿಳಿಯುವುದು. ಆ ಮಾತುಗಳನ್ನು ಕಟ್ಟಿದ ಹೆಂಗಸರ ಜಾಣತನವೂ ತಿಳಿಯುವುದು. ಅವುಗಳನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಸೂಚನೆಯು ಸೂಚನೆಯಾಗಬೇಕಾದರೆ ಸೂಚಿತವಾದ ಹೆಸರೊಂದು ಹಿನ್ನೆಲೆಯಲ್ಲಿ ಇರಬೇಕು. ಹೆಸರು ತಿಳಿದವಳು ಸಂಕೋಚದಿಂದ ‘ಕೆಳಗೆ’ ಎಂದರೆ ಅದು ಮೃದೂಕ್ತಿ. ಹೆಸರನ್ನೇ ಅರಿಯದವಳು ‘ಕೆಳಗೆ’ ಎಂದರೆ ಅದು ಮೂಕತನ. ಮೂತ್ರದ್ವಾರ ಬೇರೆ, ಯೋನಿ ಬೇರೆ, ಗುದ ಬೇರೆ. ಮೂರನ್ನೂ ‘ಕೆಳಗೆ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಟ್ಟರೆ ವೈದ್ಯನು ಏನನ್ನು ತಿಳಿಯಬೇಕು? ಭಾರತದ ಹೆಂಗಸರಲ್ಲಿ ಸ್ತನದ ಕ್ಯಾನ್ಸರಿನ ತರುವಾಯ ಹೆಚ್ಚಾಗಿ ಕಾಣುವುದು ಗರ್ಭಕಂಠದ ಕ್ಯಾನ್ಸರು. ಅಕಾಲದಲ್ಲಿ ರಕ್ತ ಹೋಗುವುದು, ದುರ್ವಾಸನೆಯ ಸ್ರಾವ ಇತ್ಯಾದಿ ಅದರ ಸೂಚನೆಗಳು. ಬೇಗನೆ ತಿಳಿದರೆ ಗುಣವಾಗತಕ್ಕ ರೋಗವಿದು. ನಾಚಿ ತಡಮಾಡಿದರೆ ಪ್ರಾಣಾಂತಿಕ. ಇಂತಹ ಎಡೆಯಲ್ಲಿ ಮಾತಿನ ಸಂಕೋಚವು ಬರಿಯ ಮಾತಿನದಾಗಿ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪ: ‘ಯೋನಿ’ಯೂ ಸಂಸ್ಕೃತದ ಗಂಡಸರು ಇಟ್ಟ ಹೆಸರಲ್ಲವೇ, ಅದರಲ್ಲಿ ಹೆಣ್ಣನ್ನು ಹೆರುವ ನೆಲೆಯನ್ನಾಗಿ ಮಾತ್ರ ಕಂಡಿದೆಯಲ್ಲವೇ ಎಂಬುದು. ಇದನ್ನು ತಳ್ಳಿಹಾಕಲಾಗದು. ಒರೆ ಎಂಬುದು ಪುರುಷನ ಕಡೆಯಿಂದ ಬಂದಿತು; ನಾಚಿಕೆ ಎಂಬುದು ನೋಡುವವನ ಕಡೆಯಿಂದ; ಮಾನ ಎಂಬುದು ಕುಲದ ಕಡೆಯಿಂದ; ನೆಲೆ ಎಂಬುದು ಮಗುವಿನ ಕಡೆಯಿಂದ. ಆ ಅಂಗವು ಯಾರ ಮೈಯಲ್ಲಿದೆಯೋ ಅವಳ ಕಡೆಯಿಂದ ಬಂದ ಹೆಸರು ಈ ನಾಲ್ಕರಲ್ಲಿ ಒಂದೂ ಇಲ್ಲ. ಅಂತಹ ಹೆಸರನ್ನು ಮುಂದೆ ಅವಳೇ ಕಟ್ಟಿಯಾಳು. ಆದರೆ ಕಟ್ಟುವುದಕ್ಕೆ ಮೊದಲು ಬಾಯಿ ತೆರೆಯಬೇಕು. ತೆರೆದ ಬಾಯಿಗೆ ಸದ್ಯಕ್ಕೆ ಒಂದು ಶಬ್ದ ಬೇಕು. ಇರುವ ನಾಲ್ಕರಲ್ಲಿ ಅವಳನ್ನು ಹಳಿಯದ, ಅವಳಿಂದ ಏನನ್ನೂ ಕಸಿಯದ, ಹೇಳಿದರೆ ಎಲ್ಲರಿಗೂ ತಿಳಿಯುವ ಶಬ್ದ ಯೋನಿಯೊಂದೇ.

ಆದುದರಿಂದ ಮಾಡತಕ್ಕ ಕೆಲಸವೇನೂ ದೊಡ್ಡದಲ್ಲ. ಕೋಶಕಾರರು ಈ ಶಬ್ದಕ್ಕೆ ‘ಗುಪ್ತಾಂಗ’ವೆಂಬ ಮುಸುಕನ್ನು ಹೊದಿಸಿ ಮುಂದೆ ಸಾಗದೆ, ನೆಲೆ ಮೂಲ ಮನೆ ಎಂಬ ಹಳೆಯ ಅರ್ಥಗಳನ್ನೂ ಇಂದಿನ ಶಾರೀರಾರ್ಥವನ್ನೂ ಒಂದೇ ಎಡೆಯಲ್ಲಿ ಸ್ಪಷ್ಟವಾಗಿ ಬರೆಯಲಿ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಜನನಾಂಗಗಳ ಪಾಠವುಂಟು. ಅದನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವ ಅಧ್ಯಾಪಕರು, ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲವೆಂಬುದನ್ನು ನೆನೆದು, ತಾವೇ ಓದಿ ಹೇಳಲಿ. ಪತ್ರಿಕೆಗಳು ‘ಮಾನಭಂಗ’ವೆಂಬ ಮಾತನ್ನು ಬಿಟ್ಟು ಬಲಾತ್ಕಾರವೆಂದೋ ಅತ್ಯಾಚಾರವೆಂದೋ ಬರೆಯಲಿ, ಆಗ ದೋಷವು ಮಾಡಿದವನ ಮೇಲೆ ನಿಲ್ಲುವುದು.

ಉಳಿದುದು ತಾಯಂದಿರ ಕೆಲಸ. ಮಗುವನ್ನು ಎಣ್ಣೆ ನೀರಿಗೆ ಕೂರಿಸಿಕೊಂಡು ಇದು ಕಣ್ಣು, ಇದು ಮೂಗು, ಇದು ಹೊಕ್ಕುಳು ಎಂದು ಕಲಿಸುವಾಗ, ಹೊಕ್ಕುಳಿನಿಂದ ಮೊಣಕಾಲಿಗೆ ಹಾರದೆ, ನಡುವಿನ ಹೆಸರನ್ನೂ ಅದೇ ದನಿಯಲ್ಲಿ ಹೇಳಿ, ಇದು ನಿನ್ನದು, ಇದನ್ನು ಕಾಪಾಡಿಕೋ ಎಂದರೆ ಸಾಕು. ಋಷಿಗಳು ಮನೆಯ ಹೆಸರುಗಳ ಸಾಲಿನಲ್ಲಿಟ್ಟ ಶಬ್ದವನ್ನು ಮನೆಯಲ್ಲಿ ಆಡುವುದರಿಂದ ಯಾವ ಮರ್ಯಾದೆಗೂ ಕುಂದು ಬಾರದು.